ಎಡಿಟರ್ ಕೋಡ್ ಹಳತಾಗಿದೆ, ಕೆಡವಿ ಹೊಸತು ಕಟ್ಟಲೇ?

ಪ್ರಶ್ನೆ: ನಾನು ಶಿರಸಿ ಹತ್ತಿರದ ಹಳ್ಳಿಯವನು, ಎಂಜಿನಿಯರಿಂಗ್ ಓದುತ್ತಿದ್ದೇನೆ. ಯಾರು ಬೇಕಾದರೂ ಕೋಡ್ ತಿದ್ದಬಹುದಾದ ‘ಬ್ಯಾಟಲ್ ಫಾರ್ ವೆಸ್ನಾತ್’ ಎಂಬ ಕಂಪ್ಯೂಟರ್ ಆಟದ ಮ್ಯಾಪ್ ಎಡಿಟರ್‌ನಲ್ಲಿ ಅಘನಾಶಿನಿ ಅಳಿವೆಯ ನಕ್ಷೆ ಮಾಡಿದ್ದೇನೆ. ಮಿರ್ಜಾನ್ ಕೋಟೆ, ಉಪ್ಪುನೀರು ನುಗ್ಗುವ ಗಜನಿ ಗದ್ದೆ, ತದಡಿ ಎಲ್ಲ ಅದರಲ್ಲಿದೆ. ಈಗ ಆ ಎಡಿಟರ್‌ನ ಕೋಡಿಗೇ ಕೈ ಹಾಕುವ ಆಸೆ. ತೆರೆದು ನೋಡಿದರೆ ಒಂದು ಫೈಲು ಹೊಸ ಶೈಲಿಯಲ್ಲಿದೆ, ಪಕ್ಕದ್ದು ಹಳೇ ಶೈಲಿಯಲ್ಲಿದೆ. ಗೆಳೆಯರು ‘ಇದನ್ನು ಬಿಟ್ಟು ಕ್ಯೂಟಿಯಲ್ಲಿ ಹೊಸದಾಗಿ ಬರಿ’ ಅನ್ನುತ್ತಾರೆ. ಕ್ಯೂಟಿ ಅಂದರೆ ಕಿಟಕಿ, ಗುಂಡಿ, ಮೆನು ಕಟ್ಟಲು ಬಳಸುವ ಸಿದ್ಧ ಸಾಮಗ್ರಿ (ಟೂಲ್‌ಕಿಟ್). ಬರೆಯಲೇ? ಬೇಡವಾದರೆ ಎಲ್ಲಿಂದ ಶುರು ಮಾಡಲಿ? ನಮ್ಮಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ, ಲ್ಯಾಪ್‌ಟಾಪ್‌ನಲ್ಲಿರುವುದು 8 ಜಿಬಿ ಮೆಮೊರಿ.

ಉತ್ತರ: ಕೆಡವಬೇಡಿ. ಕ್ಯೂಟಿ ಒಳ್ಳೆಯದಲ್ಲ ಅಂತಲ್ಲ. ನಿಮ್ಮ ಗೆಳೆಯರು ಹಳೆತನ ಹುಡುಕುತ್ತಿರುವ ಜಾಗವೇ ಬೇರೆ, ಅದು ಇರುವ ಜಾಗವೇ ಬೇರೆ. ಗುಂಡಿ, ಮೆನು, ಪ್ಯಾಲೆಟ್ ಕಣ್ಣಿಗೆ ಹಳತಾಗಿ ಕಾಣಬಹುದು. ಆದರೆ ಎಡಿಟರ್ ಕೋಡ್ ತಿದ್ದುವವರ ಜೀವ ತಿನ್ನುವುದು ಅವಲ್ಲ. ನಕ್ಷೆಯನ್ನು ಬದಲಿಸುವ ಕೆಲಸವೂ ಅದನ್ನು ಪರದೆಗೆ ಬಿಡಿಸುವ ಕೆಲಸವೂ ಎಲ್ಲೆಲ್ಲಿ ಒಂದರೊಳಗೊಂದು ಸಿಕ್ಕಿಕೊಂಡಿವೆಯೋ ಅಲ್ಲೆಲ್ಲ ತೊಂದರೆ. ಆ ಸಿಕ್ಕು ಬಿಡಿಸದೆ ಕ್ಯೂಟಿಗೆ ಹೋದರೆ ಹೊಸ ಗುಂಡಿಗಳ ಹಿಂದೆ ಅದೇ ಗೋಜಲು ಬಂದು ಕೂರುತ್ತದೆ. ನಿಮ್ಮ ಕಡೆ ಮಳೆಗಾಲಕ್ಕೆ ಮುಂಚೆ ಹಂಚು ಕೈಯಾಡಿಸುವಾಗ ಮನೆ ಖಾಲಿ ಮಾಡುವುದಿಲ್ಲವಲ್ಲ, ಕೆಳಗೆ ಅಡುಗೆ ನಡೆಯುತ್ತಲೇ ಇರುತ್ತದೆ. ಎಡಿಟರ್‌ನ ನವೀಕರಣವೂ ಹಾಗೇ ಆಗಬೇಕು, ಬಳಸುವವರು ಒಳಗಿರುವಾಗಲೇ.

ಇಲ್ಲಿ ಒಂದು ಆಕ್ಷೇಪವನ್ನು ನಾನೇ ಎತ್ತಬೇಕು, ಯಾಕೆಂದರೆ ಇದೇ ಎಡಿಟರ್ ಹಿಂದೊಮ್ಮೆ ಹೊಸದಾಗಿ ಬರೆಯಲ್ಪಟ್ಟಿದೆ. ಡೇವಿಡ್ ವೈಟ್ 2003ರಲ್ಲಿ ಆಟದ ಮೊದಲ ಆವೃತ್ತಿ ಬಿಟ್ಟರು. ಮೊದಲ ಕೆಲವು ವರ್ಷ ಎಡಿಟರ್ ಒಂದು ಬೇರೆಯೇ ಪ್ರೋಗ್ರಾಂ ಆಗಿತ್ತು. 2009ರ 1.6 ಆವೃತ್ತಿಯಲ್ಲಿ ಹೊಸ ಎಡಿಟರ್ ಬಂದದ್ದು ಆಟದ ಹೊಟ್ಟೆಯೊಳಗೇ, ಮುಖ್ಯ ಮೆನುವಿನಿಂದ ತೆರೆದುಕೊಳ್ಳುವ ಹಾಗೆ. ಆ ಮರುಬರವಣಿಗೆ ಗೆದ್ದದ್ದು ಏಕೆ ಅಂತ ನೋಡಿ. ಅದು ಕೋಡನ್ನು ಎರಡು ಮಾಡಲಿಲ್ಲ, ಎರಡಿದ್ದದ್ದನ್ನು ಒಂದು ಮಾಡಿತು. ನಕ್ಷೆ ಓದುವುದು, ನೆಲದ ಚಿತ್ರ ಜೋಡಿಸುವುದು, ಪರದೆಗೆ ಬಿಡಿಸುವುದು ಎಲ್ಲ ಆಟದ್ದೇ. ಕೋಡಿನಲ್ಲಿ ಡಿಸ್‌ಪ್ಲೇ ಅನ್ನುವ ಮೂಲ ಕ್ಲಾಸ್ (ಒಂದು ಬಗೆಯ ವಸ್ತುವಿನ ಅಚ್ಚು) ಒಂದಿದೆ, ಅದರಿಂದ ಆಟದ ಪರದೆ ಒಂದು, ಎಡಿಟರ್ ಪರದೆ ಇನ್ನೊಂದು ಇಳಿದು ಬರುತ್ತವೆ. ಕ್ಯೂಟಿಗೆ ಹೋದರೆ ಈ ಒಗ್ಗಟ್ಟನ್ನೇ ಮುರಿದ ಹಾಗಾಯಿತು.

ಒಗ್ಗಟ್ಟಿನ ಲಾಭ ಎಷ್ಟು ಅಂತ ಒಂದು ಉದಾಹರಣೆ. ಆಟದ ತಳದಲ್ಲಿರುವುದು ಚಿತ್ರ, ಧ್ವನಿ, ಕೀಲಿಮಣೆ ನೋಡಿಕೊಳ್ಳುವ ಸಿದ್ಧ ಕೋಡ್ ಆದ ಎಸ್‌ಡಿಎಲ್ ಲೈಬ್ರರಿ. ಅದರ ಎರಡನೇ ಪೀಳಿಗೆ 2013ರಲ್ಲಿ ಬಂತು. ವೆಸ್ನಾತ್‌ನ ಸ್ಥಿರ ಆವೃತ್ತಿ ಪೂರ್ತಿ ಅದಕ್ಕೆ ದಾಟಿದ್ದು 2018ರ 1.14ರಲ್ಲಿ. ಆಮೇಲೆ ಚಿತ್ರ ಬಿಡಿಸುವ ಹೊರೆಯನ್ನು ಪ್ರೊಸೆಸರ್‌ನಿಂದ ಗ್ರಾಫಿಕ್ಸ್ ಚಿಪ್ಪಿಗೆ ದಾಟಿಸುವ ದೊಡ್ಡ ಕೆಲಸ ನಡೆದು 2024ರ 1.18ರಲ್ಲಿ ಜನರ ಕೈಗೆ ಸಿಕ್ಕಿತು. ಈ ಎರಡೂ ಸಲ ಎಡಿಟರ್‌ಗೆಂದು ಬೇರೆ ಚಿತ್ರಣ ಎಂಜಿನ್ ಬರೆಯಬೇಕಾಗಲಿಲ್ಲ. ಡಿಸ್‌ಪ್ಲೇ ಸುಧಾರಿಸಿತು, ಎಡಿಟರ್ ಹಿಂದೆಯೇ ಬಂತು.

ಇನ್ನು ಬೇರೆ ಟೂಲ್‌ಕಿಟ್ ನೆಚ್ಚಿದವರ ಪಾಡು. ‘ಝೀರೋ ಎ.ಡಿ.’ ಆಟದ ಅಟ್ಲಾಸ್ ಎಡಿಟರ್ ಡಬ್ಲ್ಯುಎಕ್ಸ್ ವಿಡ್ಜೆಟ್ಸ್ ಎಂಬ ಟೂಲ್‌ಕಿಟ್ ಮೇಲೆ ನಿಂತಿದೆ. ಅಲ್ಲಿ ಎಡಿಟರ್‌ನ ಕಿಟಕಿ ಬೇರೆ, ಆಟದ ಎಂಜಿನ್ ಬೇರೆ, ನಡುವೆ ಸಂದೇಶಗಳ ಓಡಾಟ. ಗಡಿ ಶುದ್ಧವಾಗಿದೆ, ನನಗೆ ಮೆಚ್ಚುಗೆಯಾದ ವಿನ್ಯಾಸ. ಆದರೆ ಪ್ರತಿಯೊಂದು ಹೊಸ ಕ್ರಿಯೆಗೂ ಒಂದು ಹೊಸ ಸಂದೇಶ ಬರೆಯಬೇಕು, ಕೀಲಿ, ಮೌಸ್ ಒತ್ತಿದ್ದಕ್ಕೆ ಸ್ಪಂದಿಸುವ ಎರಡು ಈವೆಂಟ್ ಚಕ್ರಗಳನ್ನು ಜಗಳವಾಡದಂತೆ ಓಡಿಸಬೇಕು. ಕ್ವೇಕ್ ಮಾದರಿಯ ಆಟಗಳಿಗೆ ನಕ್ಷೆ ಮಾಡುವ ಜಿಟಿಕೆ ರೇಡಿಯಂಟ್‌ದು ಇನ್ನೊಂದು ಕಥೆ. ಅದು ಜಿಟಿಕೆ 2 ಎಂಬ ಟೂಲ್‌ಕಿಟ್ ಮೇಲೆ ನಿಂತು, ಮೂರು ಆಯಾಮದ ಚಿತ್ರಕ್ಕಾಗಿ ಒಂದು ಪುಟ್ಟ ಹೊರಗಿನ ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. 2011ರಲ್ಲಿ ಜಿಟಿಕೆ 3 ಬಂತು, ಆ ಪುಟ್ಟ ಲೈಬ್ರರಿ ಜೊತೆಗೆ ಬರಲಿಲ್ಲ. ಜಿಟಿಕೆ ರೇಡಿಯಂಟ್‌ನ ಕವಲಾದ ಡಾರ್ಕ್ ರೇಡಿಯಂಟ್ ಜಿಟಿಕೆ ಬಿಟ್ಟು ಡಬ್ಲ್ಯುಎಕ್ಸ್ ವಿಡ್ಜೆಟ್ಸ್‌ಗೆ ಗುಳೆ ಹೋಗಬೇಕಾಯಿತು. ಟೂಲ್‌ಕಿಟ್‌ಗೂ ವಯಸ್ಸಾಗುತ್ತದೆ ಮಾರಾಯ್ರೆ, ನಿಮ್ಮ ಕೋಡಿಗಿಂತ ಮುಂಚೆಯೇ ಆಗಲೂಬಹುದು.

ಹಾಗಾದರೆ ಎಲ್ಲಿಂದ ಶುರು? ಕೋಡಿನಿಂದಲೂ ಅಲ್ಲ, ಪರದೆಯಿಂದಲೂ ಅಲ್ಲ. ಫೈಲಿನಿಂದ.

ನಿಮ್ಮ ಅಘನಾಶಿನಿ ನಕ್ಷೆಯನ್ನು ಯಾವುದಾದರೂ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆಯಿರಿ. ಫೈಲಿನ ಒಂದು ಸಾಲಿಗೆ ನಕ್ಷೆಯ ಒಂದು ಅಡ್ಡಸಾಲು, ಪ್ರತಿ ಮನೆಗೆ, ಅಂದರೆ ನಕ್ಷೆಯ ಒಂದೊಂದು ಷಟ್ಕೋನಕ್ಕೆ, ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಒಂದೊಂದು ಸಂಕೇತ. ಆಳ ನೀರಿಗೆ ಡಬ್ಲ್ಯುಓ, ನಿಮ್ಮ ಗಜನಿಗೆ ಬಳಸಿರಬಹುದಾದ ಜೌಗಿಗೆ ಎಸ್‌ಎಸ್, ಹುಲ್ಲಿಗೆ ಜಿಜಿ. ಹುಲ್ಲಿನ ಮೇಲೆ ಕಾಡು ಇದ್ದರೆ ನಡುವೆ ಒಂದು ಟೋಪಿ ಗುರುತು (^), ಅದರ ಬಲಕ್ಕೆ ಕಾಡಿನ ಸಂಕೇತ. ಮಿರ್ಜಾನ್ ಕೋಟೆಯಲ್ಲಿ ಮೊದಲ ಆಟಗಾರ ನಿಲ್ಲುವುದಾದರೆ ಆ ಮನೆಯ ಸಂಕೇತದ ಮುಂದೆ 1 ಎಂಬ ಅಂಕಿ. ಪರದೆಯಲ್ಲಿ 40 ಅಗಲ, 30 ಎತ್ತರದ ನಕ್ಷೆ ಫೈಲಿನಲ್ಲಿ 42 ಸಂಕೇತಗಳ 32 ಸಾಲಾಗಿರುತ್ತದೆ, ಸುತ್ತಲೂ ಒಂದು ಮನೆಯ ಅಂಚು ಇರುವುದರಿಂದ. ಎಡಿಟರ್‌ನಲ್ಲಿ ‘ಒಂದು ಹೆಚ್ಚು, ಒಂದು ಕಡಿಮೆ’ ಜಾತಿಯ ದೋಷಗಳಿಗೆ ಈ ಅಂಚು ತವರುಮನೆ.

ಈಗ ಮೊದಲ ಪರೀಕ್ಷೆ. ನಕ್ಷೆ ತೆರೆದು, ಏನೂ ಮುಟ್ಟದೆ, ಉಳಿಸಿ. ಫೈಲು ಅಕ್ಷರಕ್ಕಕ್ಷರ ಮೊದಲಿನಂತೆಯೇ ಇರಬೇಕು. ಆಟದ ಜೊತೆ ಬರುವ ನಕ್ಷೆಗಳೆಲ್ಲ ಗಿಟ್ (ಕೋಡಿನ ಪ್ರತಿ ಬದಲಾವಣೆಯ ದಾಖಲೆ ಇಡುವ ಸಾಧನ) ಒಳಗೇ ಇರುವುದರಿಂದ ಹೋಲಿಕೆಗೆ ಬೇರೆ ಏರ್ಪಾಡೇ ಬೇಡ. ಒಂದಷ್ಟು ನಕ್ಷೆಗಳನ್ನು ತೆರೆದು ಉಳಿಸಿ, ಗಿಟ್ ಸ್ಟೇಟಸ್ ಕೇಳಿದರೆ ಯಾವುದು ಬದಲಾಯಿತೆಂದು ಅದೇ ಹೇಳುತ್ತದೆ. ಬದಲಾದದ್ದೆಲ್ಲ ದೋಷವಲ್ಲ. ಸಾಲಿನ ಕೊನೆಯ ಗುರುತು, ಖಾಲಿ ಜಾಗ ಇಂಥವು ಹಳೆಯ ಫೈಲುಗಳಲ್ಲಿ ಬದಲಾಗುತ್ತವೆ. ಆದರೆ ಯಾವುದು ಬದಲಾಗುತ್ತದೆ, ಯಾಕೆ ಅನ್ನುವುದನ್ನು ನೀವು ಬರೆದಿಟ್ಟುಕೊಂಡಿರಬೇಕು. ನಾಳೆ ನೀವು ಓದುವ ಕೋಡನ್ನು ತಿದ್ದಿದಾಗ ಹೊಸ ವ್ಯತ್ಯಾಸ ಕಂಡರೆ ಅದು ನಿಮ್ಮದೇ ಕೈಚಳಕ ಅಂತ ಕೂಡಲೇ ಗೊತ್ತಾಗುತ್ತದೆ. ಎಡಿಟರ್ ಬಳಸುವವನಿಗೆ ಗುಂಡಿ ಸೊಟ್ಟಗಿದ್ದರೆ ಬೇಸರವಾಗುತ್ತದೆ. ರಾತ್ರಿಯಿಡೀ ಕೂತು ಮಾಡಿದ ನಕ್ಷೆ ಹಾಳಾದರೆ ಅವನು ತಿರುಗಿ ಬರುವುದಿಲ್ಲ.

ಇಲ್ಲೇ ನಮ್ಮ ಜಿಲ್ಲೆಯ ಮಾತೊಂದು. ಜುಲೈನಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ನಿಮಗೆ ಹೇಳಬೇಕಿಲ್ಲ. ಬ್ಯಾಟರಿ ಸತ್ತ ಕಂಪ್ಯೂಟರಿನಲ್ಲಿ ‘ಉಳಿಸು’ ಒತ್ತಿದ ಕ್ಷಣಕ್ಕೇ ಕರೆಂಟ್ ಹೋದರೆ ಏನಾಗುತ್ತದೆ? ಹಳೇ ಫೈಲನ್ನು ಖಾಲಿ ಮಾಡಿ ಅದರಲ್ಲೇ ಬರೆಯತೊಡಗುವ ಕೋಡಾದರೆ ಹಳತೂ ಇಲ್ಲ, ಹೊಸತೂ ಇಲ್ಲ. ಪಕ್ಕದಲ್ಲಿ ತಾತ್ಕಾಲಿಕ ಫೈಲಿಗೆ ಪೂರ್ತಿ ಬರೆದು, ಡಿಸ್ಕಿಗೆ ಇಳಿದದ್ದು ಖಾತ್ರಿಯಾದ ಮೇಲೆ ಹೆಸರು ಬದಲಿಸುವುದು ಸರಿಯಾದ ದಾರಿ. ಯಾವ ಆಟದ ಎಡಿಟರ್‌ಗೆ ಕೈ ಹಾಕಿದರೂ ಉಳಿಸುವ ಫಂಕ್ಷನ್‌ನಲ್ಲಿ ನಾನು ಮೊದಲು ನೋಡುವುದು ಇದನ್ನೇ. ಬದಲಾವಣೆ ಚಿಕ್ಕದು, ಉಪಕಾರ ದೊಡ್ಡದು.

ಎರಡನೆಯದು ಅನ್‌ಡು, ಅಂದರೆ ಮಾಡಿದ್ದನ್ನು ಹಿಂದೆ ತೆಗೆಯುವುದು. ಈ ಎಡಿಟರ್‌ನ ಅತ್ಯಂತ ಸೊಗಸಾದ ಭಾಗ ಇದೇ ಅಂತ ನನ್ನ ಅಭಿಪ್ರಾಯ, ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ. ಇಲ್ಲಿ ಪ್ರತಿಯೊಂದು ಕ್ರಿಯೆಯೂ ಒಂದು ವಸ್ತು. ಬಣ್ಣ ಬಳಿಯುವುದು, ಅಂಟಿಸುವುದು, ತುಂಬುವುದು, ಅಳತೆ ಬದಲಿಸುವುದು ಎಲ್ಲಕ್ಕೂ ಒಂದೊಂದು ಕ್ಲಾಸ್. ಆ ಕ್ರಿಯೆಗೆ ‘ನಡೆಸು’ ಅಂದರೆ ಅದು ನಕ್ಷೆಯನ್ನು ಬದಲಿಸುತ್ತದೆ, ಜೊತೆಗೆ ತನ್ನನ್ನು ಹಿಂದೆ ತೆಗೆಯುವ ಇನ್ನೊಂದು ಕ್ರಿಯೆಯನ್ನು ಕೈಗೆ ಕೊಡುತ್ತದೆ. ಕುಮಟಾ ಕಡೆಯ ದಡದಲ್ಲಿ ನೀವು ದೊಡ್ಡ ಬ್ರಷ್‌ನಿಂದ ಮರಳು ಬಳಿದಿರಿ ಅಂತಿಟ್ಟುಕೊಳ್ಳಿ. ಬಳಿಯುವ ಮುಂಚೆ ಆ ಬ್ರಷ್‌ನ ಕೆಳಗಿದ್ದ ಮನೆಗಳ ಹಳೇ ನೆಲವನ್ನು ಒಂದು ತುಂಡಾಗಿ ಎತ್ತಿಟ್ಟುಕೊಂಡು, ‘ಈ ತುಂಡನ್ನು ಇದ್ದಲ್ಲೇ ಅಂಟಿಸು’ ಎಂಬ ಕ್ರಿಯೆಯನ್ನು ಅನ್‌ಡು ಎಂದು ಹಿಂದಿರುಗಿಸುತ್ತದೆ. ಬಳಿಯುವುದರ ವಿಲೋಮ ಅಂಟಿಸುವುದು. ಅನ್‌ಡುವನ್ನು ನಡೆಸಿದರೆ ಅದೂ ಒಂದು ವಿಲೋಮ ಕೊಡುತ್ತದೆ, ಅದೇ ರೀಡು, ಅಂದರೆ ಹಿಂದೆ ತೆಗೆದದ್ದನ್ನು ಮತ್ತೆ ಮಾಡುವುದು. ಎರಡಕ್ಕೆ ಎರಡು ಕೋಡ್ ಬೇಕಿಲ್ಲ.

ಮೌಸ್ ಎಳೆಯುವಾಗ ಇನ್ನೊಂದು ಸೂಕ್ಷ್ಮವಿದೆ. ನದಿಯನ್ನು ಒಂದೇ ಎಳೆತದಲ್ಲಿ ಬಿಡಿಸಿದಿರಿ, ಒಳಗೆ ಅದು ಹತ್ತಾರು ಸಣ್ಣ ಬಳಿತ. ಕಂಟ್ರೋಲ್ ಝಡ್ ಒತ್ತಿದರೆ ಇಡೀ ಎಳೆತ ಹೋಗಬೇಕೇ ಹೊರತು ಕೊನೆಯ ಒಂದು ಮನೆಯಲ್ಲ. ಅದಕ್ಕೆ ಸಣ್ಣ ಕ್ರಿಯೆಗಳನ್ನೆಲ್ಲ ಒಂದು ಸರಪಳಿಗೆ ಪೋಣಿಸುತ್ತಾರೆ. ಸರಪಳಿಯನ್ನು ಹಿಂದೆ ತೆಗೆಯುವಾಗ ಕೊನೆಯದರಿಂದ ಮೊದಲಿಗೆ ಬರಬೇಕು, ಇಲ್ಲವಾದರೆ ಒಂದರ ಮೇಲೊಂದು ಬಿದ್ದ ಬ್ರಷ್ ಗುರುತುಗಳಲ್ಲಿ ತಪ್ಪು ನೆಲ ಉಳಿಯುತ್ತದೆ.

ನಕ್ಷೆಯ ಅಳತೆ ಬದಲಿಸುವಂಥ ಕ್ರಿಯೆಗೆ ತುಂಡಿನ ಲೆಕ್ಕ ಸಾಲದು. ಅಲ್ಲಿ ಇಡೀ ಹಳೇ ನಕ್ಷೆಯ ನಕಲನ್ನೇ ಅನ್‌ಡುಗೆ ಇಟ್ಟುಕೊಳ್ಳುತ್ತಾರೆ. ಈ ಉಪಾಯ ಬಂದದ್ದು ಎಡಿಟರ್‌ನಲ್ಲಿ ಬರೀ ನೆಲ ಇದ್ದ ಕಾಲಕ್ಕೆ. ಮುಂದೆ ಯೂನಿಟ್ (ಆಟದ ಸೈನಿಕ), ಸೈಡ್ (ಆಡುವ ಪಕ್ಷ), ಲೇಬಲ್ ಎಲ್ಲ ಸೇರಿ ಅದು ಆಟದ ಸನ್ನಿವೇಶವನ್ನೇ ಕಟ್ಟುವ ಸಿನಾರಿಯೋ ಎಡಿಟರ್ ಆಯಿತು. ನೆಲ ಒಂದು ಕಡೆ ಸರಿದಾಗ ಅದರ ಮೇಲಿದ್ದ ಯೂನಿಟ್ ಎಲ್ಲಿಗೆ ಹೋಗಬೇಕು, ಅನ್‌ಡು ಮಾಡಿದಾಗ ಎಲ್ಲಿಗೆ ಬರಬೇಕು ಎನ್ನುವುದು ಕೂತು ಯೋಚಿಸಬೇಕಾದ ವಿಷಯ. ನಿಮ್ಮಂಥ ಹೊಸಬರು ಟೆಸ್ಟ್ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಕಾಣುವುದಿಲ್ಲ.

ಟೆಸ್ಟ್ ಹೇಗೆ? ಚಿಕ್ಕ ನಕ್ಷೆ ತೆಗೆದುಕೊಳ್ಳಿ. ಮನಸ್ಸಿಗೆ ಬಂದಂತೆ ಐವತ್ತು ಕ್ರಿಯೆ ನಡೆಸುವ ಕೋಡ್ ಬರೆಯಿರಿ, ಆದರೆ ರ್‍ಯಾಂಡಮ್ ಸಂಖ್ಯೆಯ ಬೀಜವನ್ನು (ಆ ಸಂಖ್ಯೆಗಳು ಹುಟ್ಟುವ ಮೊದಲ ಅಂಕಿ) ಗುರುತು ಹಾಕಿಟ್ಟುಕೊಳ್ಳಿ, ತಪ್ಪು ಸಿಕ್ಕಾಗ ಅದನ್ನೇ ಮತ್ತೆ ನಡೆಸಬೇಕಲ್ಲ. ಐವತ್ತೂ ಅನ್‌ಡು ಮಾಡಿ, ನಕ್ಷೆಯ ಪಠ್ಯ ಮೊದಲಿನದಕ್ಕೆ ಸಮನಾಗಿದೆಯೇ ನೋಡಿ. ಐವತ್ತೂ ರೀಡು ಮಾಡಿ, ಕೊನೆಯ ಪಠ್ಯಕ್ಕೆ ಸಮನಾಗಿದೆಯೇ ನೋಡಿ. ವೆಸ್ನಾತ್‌ನಲ್ಲಿ ಬೂಸ್ಟ್ ಲೈಬ್ರರಿಯ ಟೆಸ್ಟ್ ಚೌಕಟ್ಟು ಬಳಸಿದ, ಕೋಡಿನ ತುಣುಕುಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಯೂನಿಟ್ ಟೆಸ್ಟ್‌ಗಳ ಫೋಲ್ಡರ್ ಈಗಾಗಲೇ ಇದೆ, ಹೊಸ ಚೌಕಟ್ಟು ತರಬೇಕಿಲ್ಲ.

ಈ ಟೆಸ್ಟ್ ಬರೆಯುವಾಗಲೇ ನಾನು ಮೊದಲು ಹೇಳಿದ ಸಿಕ್ಕು ನಿಮ್ಮ ಕೈಗೆ ತಗಲುತ್ತದೆ. ಕ್ರಿಯೆ ನಡೆಸಲು ನಕ್ಷೆ ಇದ್ದರೆ ಸಾಕಾಗಬೇಕು. ಆದರೆ ಎಲ್ಲೋ ಒಂದು ಕಡೆ ಕೋಡ್ ‘ನನಗೆ ಪರದೆ ಬೇಕು’ ಅಂತ ಹಟ ಹಿಡಿಯುತ್ತದೆ, ಇನ್ನೊಂದು ಕಡೆ ಜಾಗತಿಕ ವಸ್ತುವೊಂದನ್ನು ಕರೆದು ಬಿದ್ದುಹೋಗುತ್ತದೆ. ಆ ಪಟ್ಟಿಯೇ ನಿಮ್ಮ ನವೀಕರಣದ ಕಾಮಗಾರಿ ಪಟ್ಟಿ. ಮೂಲ ವಿನ್ಯಾಸ ಈ ವಿಷಯದಲ್ಲಿ ನಿಮ್ಮ ಪರವಾಗಿಯೇ ಇದೆ. ಕ್ರಿಯೆ ಪರದೆಯನ್ನು ಮುಟ್ಟದೆ ‘ಇಂತಿಂಥ ಮನೆ ಬದಲಾಯಿತು’ ಅಂತ ನಕ್ಷೆಯ ಬಳಿ ಗುರುತು ಬಿಡುತ್ತದೆ, ಆಮೇಲೆ ಎಡಿಟರ್ ನಡೆಸುವ ಕಂಟ್ರೋಲರ್ ಆ ಗುರುತು ನೋಡಿ ಪರದೆ ತಾಜಾ ಮಾಡುತ್ತದೆ. ಇದನ್ನು ಮುರಿದಿರುವ ಕಡೆ ಸರಿಪಡಿಸಿ, ಪಾಲಿಸಿರುವ ಕಡೆ ಹಾಗೇ ಬಿಡಿ.

ಪರದೆ ತಾಜಾ ಮಾಡುವುದೂ ಅಗ್ಗದ ಕೆಲಸವಲ್ಲ. ಷಟ್ಕೋನದ ಮನೆಗೆ ಆರು ನೆರೆಮನೆ. ನೀರು ದಡ ಸೇರುವಲ್ಲಿ ಕಾಣುವ ಅಂಚಿನ ಚಿತ್ರ ನೆರೆಯ ನೆಲವನ್ನು ನೋಡಿ ತೀರ್ಮಾನವಾಗುತ್ತದೆ, ಆದ್ದರಿಂದ ಒಂದು ಮನೆ ಬದಲಾದರೆ ಅದರ ಅಕ್ಕಪಕ್ಕವನ್ನೂ ಮತ್ತೆ ಜೋಡಿಸಬೇಕು. ಈ ಅಂಚುಗಳನ್ನು ತಾನಾಗಿ ಜೋಡಿಸುವುದೋ ಬೇಡವೋ ಎಂದು ಆರಿಸುವ ಆಯ್ಕೆ ಎಡಿಟರ್‌ನಲ್ಲಿ ಇರುವುದು ಇದಕ್ಕೇ. ಯಾರಾದರೂ ‘ಎಡಿಟರ್ ನಿಧಾನ’ ಅಂದರೆ ಮೊದಲು ಅಳೆಯಬೇಕಾದದ್ದು ಇಲ್ಲಿ.

ಸಿ ಪ್ಲಸ್ ಪ್ಲಸ್ ಭಾಷೆಯ ಹಳೆತನ ತೊಳೆಯುವುದು ಇಷ್ಟಾದ ಮೇಲೆ, ಮತ್ತು ಬೇಗ ಮುಗಿಯುತ್ತದೆ. ಹಳೇ ಕೋಡಿನಲ್ಲಿ ಅನ್‌ಡು ಕ್ರಿಯೆಯನ್ನು ಬರೀ ಪಾಯಿಂಟರ್ (ಮೆಮೊರಿಯ ವಿಳಾಸ) ಆಗಿ ಕೊಡುತ್ತಿದ್ದರು, ಅಳಿಸುವ ಹೊಣೆ ಯಾರದೆಂದು ಕಾಮೆಂಟ್ ಓದಿ ತಿಳಿಯಬೇಕಿತ್ತು. ಈಗ ಒಬ್ಬನೇ ಒಡೆಯನಿರುವ ಯೂನಿಕ್ ಪಾಯಿಂಟರ್ ಕೊಡುತ್ತಾರೆ, ಹೊಣೆ ಯಾರದೆಂದು ಫಂಕ್ಷನ್‌ನ ಘೋಷಣೆಯಲ್ಲೇ (ಸಿಗ್ನೇಚರ್) ಕಾಣುತ್ತದೆ. ಬೇರೆ ಯಾವುದಾದರೂ ಆಟದ ಕೋಡಿನಲ್ಲಿ ಅದರ ಹಳೇ ಬಗೆಯಾದ ಆಟೋ ಪಾಯಿಂಟರ್ ಕಂಡರೆ ಅದನ್ನು ಬದಲಿಸಲೇಬೇಕು. 2011ರ ಸಿ ಪ್ಲಸ್ ಪ್ಲಸ್ ಅದನ್ನು ಬೇಡವೆಂದಿತು, 2017ರದ್ದು ತೆಗೆದೇಹಾಕಿತು. ಕೋಡ್ ಪರಿಶೀಲಿಸುವ ಕ್ಲ್ಯಾಂಗ್ ಟೈಡಿ ಸಾಧನದಲ್ಲಿ ‘ಮಾಡರ್ನೈಸ್’ ಸರಣಿಯ ಪರಿಶೀಲನೆಗಳಿವೆ, ಓವರ್‌ರೈಡ್ ಹಾಕುವುದು, ನಲ್ ಬದಲು ನಲ್‌ಪಿಟಿಆರ್ ಬರೆಯುವುದು ಇಂಥವನ್ನು ಅದೇ ಮಾಡಿಕೊಡುತ್ತದೆ. ಆದರೆ ಯಂತ್ರ ಮಾಡಿದ ಬದಲಾವಣೆಯನ್ನೂ ನಿಮ್ಮ ತಲೆ ಮಾಡಿದ ಬದಲಾವಣೆಯನ್ನೂ ಒಂದೇ ಕಮಿಟ್‌ನಲ್ಲಿ (ಗಿಟ್‌ಗೆ ಸೇರುವ ಬದಲಾವಣೆಯ ಒಂದು ಕಂತು) ಬೆರೆಸಬೇಡಿ. ಓದುವವರಿಗೆ ಅಕ್ಕಿಯಲ್ಲಿ ಕಲ್ಲು ಆರಿಸುವ ಶಿಕ್ಷೆ ಅದು. ಇಡೀ ಫೋಲ್ಡರನ್ನು ಒಂದೇ ಸಲ ಫಾರ್ಮ್ಯಾಟ್ ಮಾಡುವ ಆಸೆಯನ್ನೂ ತಡೆದುಕೊಳ್ಳಿ. ಮಾಡಲೇಬೇಕೆಂದು ಎಲ್ಲರೂ ಒಪ್ಪಿದರೆ ಆ ಕಮಿಟ್‌ನ ಗುರುತನ್ನು ಕಡೆಗಣಿಸುವ ಪಟ್ಟಿಯ ಫೈಲಿಗೆ ಸೇರಿಸಿ. 2019ರ ಗಿಟ್ 2.23ರಿಂದ ಯಾವ ಸಾಲು ಯಾವ ಕಮಿಟ್‌ನಿಂದ ಬಂತೆಂದು ಹೇಳುವ ಗಿಟ್ ಬ್ಲೇಮ್ ಅಂಥ ಪಟ್ಟಿಯನ್ನು ಮನ್ನಿಸುತ್ತದೆ.

ಕನ್ನಡಿಗರಾಗಿ ನೀವು ಮಾಡಬಹುದಾದ, ಬೇರೆಯವರಿಗೆ ಹೊಳೆಯದ ಪರೀಕ್ಷೆಗಳಿವೆ. ನಕ್ಷೆಗೆ ‘ಅಂಕೋಲಾ’ ಅಂತ ಹೆಸರಿಟ್ಟು ಉಳಿಸಿ ನೋಡಿ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್ 8 ಕ್ರಮದಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್, ಈ ಹೆಸರಿಗೆ 18. ಅಕ್ಷರ ಎಣಿಸುವಲ್ಲಿ ಬೈಟ್ ಎಣಿಸಿ ಹೆಸರನ್ನು ಕತ್ತರಿಸುವ ಕೋಡ್ ಇದ್ದರೆ ಅರ್ಧಕ್ಕೆ ಕಡಿದ ಅಕ್ಷರ ಸಿಗುತ್ತದೆ. ‘ಕೋ’ದಲ್ಲಿರುವ ದೀರ್ಘ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಮೂರಾಗಿ ಬಿಡಿಸಿಯೂ ಬರೆಯಬಹುದು. ಮ್ಯಾಕ್‌ನ ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಬಿಡಿಸಿಯೇ ಇಡುತ್ತಿತ್ತು, ಅಂದರೆ 18 ಬೈಟ್ 24 ಆಗುತ್ತದೆ. ಕಣ್ಣಿಗೆ ಒಂದೇ ಹೆಸರು, ಹೋಲಿಸುವ ಕೋಡಿಗೆ ಎರಡು. ವಿಂಡೋಸ್‌ನಲ್ಲಿ ಫೈಲ್ ದಾರಿಯನ್ನು ಅಗಲ ಅಕ್ಷರಕ್ಕೆ (ವೈಡ್ ಕ್ಯಾರೆಕ್ಟರ್) ಬದಲಿಸದೆ ತೆರೆದರೆ ‘ಫೈಲ್ ಇಲ್ಲ’ ಎಂಬ ಉತ್ತರ. ನಕ್ಷೆಯ ಮೇಲಿನ ಲೇಬಲ್‌ಗೆ ‘ಮಿರ್ಜಾನ್’ ಟೈಪ್ ಮಾಡಿ ಬ್ಯಾಕ್‌ಸ್ಪೇಸ್, ಬಾಣದ ಕೀಲಿ ಒತ್ತಿ ನೋಡಿ, ಕರ್ಸರ್ ‘ರ್ಜಾ’ದ ನಡುವೆ ಸಿಕ್ಕಿಕೊಳ್ಳಬಾರದು. ಅಕ್ಷರ ಜೋಡಿಸಿ ಬಿಡಿಸುವ ಕೆಲಸವನ್ನು ವೆಸ್ನಾತ್ ಪ್ಯಾಂಗೋ ಲೈಬ್ರರಿಗೆ ಒಪ್ಪಿಸಿರುವುದರಿಂದ, ಕನ್ನಡದ ಫಾಂಟ್ ಸಿಕ್ಕರೆ ಒತ್ತಕ್ಷರ ಸರಿಯಾಗಿ ಕೂರುತ್ತದೆ. ಎಲ್ಲ ಆಟಗಳಿಗೂ ಈ ಭಾಗ್ಯವಿಲ್ಲ.

ನೆಟ್‌ವರ್ಕ್ ವಿಷಯ. ಕೋಡಿನ ಜೊತೆ ಚಿತ್ರ, ಸಂಗೀತ, ಅನುವಾದ ಎಲ್ಲ ಸೇರಿ ರೆಪೊಸಿಟರಿ (ಗಿಟ್‌ನ ಉಗ್ರಾಣ) ಭಾರಿ ದೊಡ್ಡದು, ಅದರ ನಕಲು ಇಳಿಸುವ ಗಿಟ್ ಕ್ಲೋನ್ ನಡುವೆ ಕಡಿದರೆ ಬಿಟ್ಟಲ್ಲಿಂದ ಮುಂದುವರಿಯುವುದಿಲ್ಲ, ಮೊದಲಿನಿಂದ ಶುರು. ಇತ್ತೀಚಿನ ಪ್ರತಿ ಮಾತ್ರ ತರುವ ಆಳವಿಲ್ಲದ (ಶ್ಯಾಲೋ) ಕ್ಲೋನ್ ಮಾಡಿದರೆ ಬೇಗ ಇಳಿಯುತ್ತದೆ. ಆದರೆ ಇತಿಹಾಸ ಇರುವುದಿಲ್ಲ, ಈ ಕೆಲಸಕ್ಕೆ ಇತಿಹಾಸವೇ ಅರ್ಧ ಬಂಡವಾಳ. ವಿಚಿತ್ರವಾಗಿ ಕಾಣುವ ಸಾಲೊಂದು ಯಾಕೆ ಬಂತೆಂದು ಗಿಟ್ ಬ್ಲೇಮ್ ಕೇಳಿದರೆ ಹತ್ತು ವರ್ಷ ಹಿಂದಿನ ಯಾವುದೋ ದೋಷದ ಪರಿಹಾರ ಅಂತ ತಿಳಿಯುತ್ತದೆ, ಆಗ ನೀವು ಅದನ್ನು ಅಳಿಸುವುದಿಲ್ಲ. ಒಳ್ಳೇ ನೆಟ್ ಇರುವ ಕಾಲೇಜಿನಲ್ಲೋ, ಕಾರವಾರದ ಯಾರಾದರೂ ನೆಂಟರ ಮನೆಯಲ್ಲೋ ಪೂರ್ತಿ ಕ್ಲೋನ್ ಮಾಡಿ, ಗಿಟ್ ಬಂಡಲ್ ಎಂಬ ಒಂದೇ ಫೈಲಾಗಿ ಪೆನ್‌ಡ್ರೈವ್‌ಗೆ ತುಂಬಿಕೊಂಡು ಬನ್ನಿ. ಮನೆಯಲ್ಲಿ ಅದರಿಂದಲೇ ಕ್ಲೋನ್ ಮಾಡಿ, ಆಮೇಲೆ ರಿಮೋಟ್ ವಿಳಾಸ ಬದಲಿಸಿದರಾಯಿತು. ದಿನದಿನದ ಹೊಸ ಬದಲಾವಣೆ ಮೊಬೈಲ್ ಹಾಟ್‌ಸ್ಪಾಟ್‌ನಲ್ಲೂ ಇಳಿಯುತ್ತದೆ.

8 ಜಿಬಿ ಸಾಕು, ಆದರೆ ಕೋಡನ್ನು ಪ್ರೋಗ್ರಾಂ ಆಗಿ ಬದಲಿಸುವ ಕಂಪೈಲರಿಗೆ ಒಮ್ಮೆಗೆ ಎರಡೇ ಕೆಲಸ ಕೊಡಿ. ಬೂಸ್ಟ್ ತುಂಬಿದ ಫೈಲುಗಳು ಮೆಮೊರಿ ಚೆನ್ನಾಗಿ ನುಂಗುತ್ತವೆ, ನಾಲ್ಕೆಂಟು ಒಟ್ಟಿಗೆ ಓಡಿಸಿದರೆ ಲ್ಯಾಪ್‌ಟಾಪ್ ಸ್ತಬ್ಧ. ಒಮ್ಮೆ ಕಂಪೈಲ್ ಆದದ್ದನ್ನು ನೆನಪಿಟ್ಟುಕೊಳ್ಳುವ ಸಿಕ್ಯಾಶ್ ಹಾಕಿಕೊಳ್ಳಿ. ಮೊದಲ ಬಿಲ್ಡ್ ರಾತ್ರಿ ಹಚ್ಚಿ ಮಲಗಿ, ಆಮೇಲೆ ಎಡಿಟರ್ ಫೋಲ್ಡರ್‌ನ ಒಂದೆರಡು ಫೈಲು ತಿದ್ದಿದಾಗ ಆ ಭಾಗವಷ್ಟೇ ಕಂಪೈಲ್ ಆಗುತ್ತದೆ. ಮೆಮೊರಿ ಬಳಕೆಯ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಹಾಕಿದ ಇನ್ನೊಂದು ಬಿಲ್ಡ್ ಬೇರೆ ಫೋಲ್ಡರ್‌ನಲ್ಲಿರಲಿ. ಅನ್‌ಡು ಟೆಸ್ಟನ್ನು ಅದರಲ್ಲಿ ಓಡಿಸಿದರೆ, ಅಳಿಸಿದ ಮೆಮೊರಿಯನ್ನು ಮುಟ್ಟಿದ ಸಾಲಿನ ಸಂಖ್ಯೆ ಸಮೇತ ಹೇಳುತ್ತದೆ.

ಮೊದಲ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಆಗಿ ಟೆಸ್ಟನ್ನೇ ಕಳಿಸಿ, ಕೋಡ್ ತಿದ್ದುಪಡಿ ಬೇಡ. ಯಾರ ಕೆಲಸವನ್ನೂ ಕೆಡಿಸದ ಕೊಡುಗೆಯನ್ನು ಯಾರೂ ಅನುಮಾನದಿಂದ ನೋಡುವುದಿಲ್ಲ. ವಿವರಣೆಯಲ್ಲಿ ಯಾವ ಕ್ರಿಯೆ, ಯಾವ ಅಳತೆಯ ನಕ್ಷೆ, ಅನ್‌ಡು ನಂತರ ಏನು ಬರಬೇಕಿತ್ತು, ಏನು ಬಂತು ಇಷ್ಟು ಸಾಕು. ನಿರ್ವಹಣೆ ಮಾಡುವವರೆಲ್ಲ ಸ್ವಯಂಸೇವಕರು, ಉತ್ತರಕ್ಕೆ ವಾರಗಳೇ ಹಿಡಿಯಬಹುದು. ಅಷ್ಟರಲ್ಲಿ ಎರಡನೇ ಕೆಲಸ ಶುರು ಮಾಡುವುದಾದರೆ ಮೊದಲನೆಯದರ ಮೇಲೆ ಕಟ್ಟಬೇಡಿ, ಮುಖ್ಯ ಶಾಖೆಯಿಂದ ಬೇರೆ ಬ್ರಾಂಚ್ ತೆಗೆಯಿರಿ. ಮೊದಲನೆಯದಕ್ಕೆ ತಿದ್ದುಪಡಿ ಕೇಳಿದಾಗ ಎರಡನ್ನೂ ಬಿಚ್ಚಿ ಹೊಲಿಯುವ ಪಾಡು ತಪ್ಪುತ್ತದೆ.